ಹಳೇ ಎಸ್ಟೀಮ್ ಇಂಜಿನ್ ಬಿಚ್ಚಿದರೆ ಗುರುತು ಸಿಗದ ಪಾರ್ಟುಗಳು: ಗುಜರಿಗೆ ಹಾಕಬೇಕಾ?

ಪ್ರಶ್ನೆ: ಆರು ತಿಂಗಳ ಹಿಂದೆ ಮಂಗಳೂರಿನಿಂದ 2004ರ ಮಾರುತಿ ಎಸ್ಟೀಮ್ ತಗೊಂಡೆ. ನಾನು ನಾಲ್ಕನೇ ಓನರ್. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗಲೂ ಮಣಿಪಾಲದ ಏರು ಹತ್ತುವಾಗಲೂ ನೀಲಿ ಹೊಗೆ ಬರುತ್ತದೆ. 800 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುತ್ತದೆ. ಬ್ರಹ್ಮಾವರದ ಹತ್ತಿರ ಒಂದು ಗ್ಯಾರೇಜಿನಲ್ಲಿ ಇಂಜಿನ್ ಇಳಿಸಿ ಬಿಚ್ಚಿಸಿದೆ. ಪಿಸ್ಟನ್ ತಲೆಯ ಮೇಲೆ 0.50 ಎಂದು ಅಚ್ಚಾಗಿದೆ. ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವ ತುದಿ) ಮೆಟಲ್‌ಗಳ, ಅಂದರೆ ಬೇರಿಂಗ್ ಚಿಪ್ಪುಗಳ, ಬೆನ್ನಿನಲ್ಲಿ .010 ಎಂದಿದೆ. ಕ್ರ್ಯಾಂಕ್ ಬ್ಲಾಕಿನಲ್ಲಿ ಕೂರುವ ಕಡೆಯ ಮೇನ್ ಮೆಟಲ್‌ಗಳ ಅಂಚಿನಲ್ಲಿ ಒಂದಕ್ಕೆ ಹಳದಿ, ಒಂದಕ್ಕೆ ಹಸಿರು ಬಣ್ಣ, ಇನ್ನು ಕೆಲವಕ್ಕೆ ಬಣ್ಣವೇ ಇಲ್ಲ. ಪ್ರತಿ ಬೋರಿನ (ಪಿಸ್ಟನ್ ಓಡುವ ಕೊಳವೆಯ) ಸುತ್ತ ಬೇರೆ ಬಣ್ಣದ ಉಂಗುರ ಕಾಣುತ್ತದೆ. ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟಿನಲ್ಲಿ ನಂಬರ್ ಇಲ್ಲ, ತುದಿಯಲ್ಲಿ ಪಂಚ್ ಹೊಡೆದ ಎರಡು ಚುಕ್ಕೆ ಉಂಟು. ಹೆಡ್ ತೆಗೆದ ದಿನ ನೋಡಿದಾಗ ಮೂರನೇ ಪಿಸ್ಟನ್ ಪೂರ್ತಿ ಮೇಲೆ ಬಂದರೂ ಉಳಿದವಕ್ಕಿಂತ ಚೂರು ತಗ್ಗಾಗಿತ್ತು. ಮೆಕ್ಯಾನಿಕ್ ಹೇಳುವುದು: "ನಾಲ್ಕು ಗಾಡಿಯ ಪಾರ್ಟ್ ಸೇರಿಸಿದ ಇಂಜಿನ್ ಇದು. ಸ್ಲೀವ್ (ಸವೆದ ಬೋರಿನೊಳಗೆ ಆಮೇಲೆ ಕೂರಿಸುವ ಕೊಳವೆ) ಹಾಕಿದ್ದಾರೆ, ರ‍್ಯಾಲಿಗೆ ಓಡಿಸಿದ್ದಾರೆ. ಗುಜರಿಗೆ ಹಾಕಿ, ಬೇರೆ ಇಂಜಿನ್ ತರಿಸುವ." ಬ್ಲಾಕಿನ ನಂಬರ್ ಆರ್‌ಸಿಗೆ ಸರಿಹೊಂದುತ್ತದೆ. ಏನು ಮಾಡಲಿ?
– ಉಡುಪಿ ಜಿಲ್ಲೆಯ ಓದುಗರು

ಉತ್ತರ: ಇಂಜಿನ್ ಇನ್ನೂ ಗ್ಯಾರೇಜಿನಲ್ಲೇ ಇದ್ದರೆ ಯಾವುದನ್ನೂ ಗುಜರಿಗೆ ಕೊಡಬೇಡಿ. ನೀವು ಆರು ಸಂಗತಿ ಬರೆದಿದ್ದೀರಿ. ಮೆಟಲ್‌ಗಳ ಬಣ್ಣ ಮತ್ತು ಬೋರಿನ ಉಂಗುರ ಕಂಪನಿಯಿಂದಲೇ ಬಂದವು. 0.50 ಪಿಸ್ಟನ್, .010 ಮೆಟಲ್ ಎರಡೂ ರಿಪೇರಿಯಲ್ಲಿ ಸಾಮಾನ್ಯವಾಗಿ ಬೀಳುವ ಸೈಜ್‌ಗಳು. ಕ್ಯಾಮ್‌ಶಾಫ್ಟ್ ಯಾವುದೆಂದು ಅಳೆಯದೆ ಹೇಳಲಾಗದು. ನಿಜವಾಗಿ ತಲೆಬಿಸಿ ಮಾಡಬೇಕಾದ್ದು ಮೂರನೇ ಪಿಸ್ಟನ್ ಒಂದರ ಬಗ್ಗೆ. ಮೆಕ್ಯಾನಿಕ್ ಹೆಚ್ಚು ಹೆದರಿಸಿದ್ದು ಬಣ್ಣ ಮತ್ತು ಉಂಗುರದ ವಿಷಯದಲ್ಲಿ, ಆದರೆ ಹೊಗೆಗೂ ಅವೆರಡಕ್ಕೂ ಸಂಬಂಧವೇ ಇಲ್ಲ.

ಪಾರ್ಟಿನ ಮೇಲಿನ ಅಚ್ಚು ಅಂಗಡಿಯಿಂದ ಏನು ತಂದರು ಎಂಬುದನ್ನು ಮಾತ್ರ ಹೇಳುತ್ತದೆ. ಅದು ಈ ಇಂಜಿನ್ನಿಗೆ ಸರಿಯಾಗಿ ಕೂತಿದೆಯೇ ಎಂಬುದಕ್ಕೆ ಮೈಕ್ರೋಮೀಟರೇ ಬೇಕು. ಹಾಗಾಗಿ "ಇದು ಯಾರ ಪಾರ್ಟು" ಎಂಬ ಪ್ರಶ್ನೆಯನ್ನು "ಇದರ ಅಳತೆ ಎಷ್ಟು" ಎಂದು ಬದಲಿಸಿಕೊಳ್ಳಿ. ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಮೊದಲು ಇಂಜಿನ್ನಿನ ಜಾತಕ. ನಿಮ್ಮದು 1298 ಸಿಸಿಯ 16 ವಾಲ್ವಿನ ಜಿ13ಬಿಬಿ. ಬೋರ್ 74 ಮಿ.ಮೀ., ಸ್ಟ್ರೋಕ್ 75.5 ಮಿ.ಮೀ. ಇದೇ ಕುಟುಂಬದ ಇಂಜಿನ್ ಜಿಪ್ಸಿ ಕಿಂಗ್‌ನ ಎಂಪಿಎಫ್‌ಐ ಮಾಡೆಲಿನಲ್ಲೂ 2005ರಲ್ಲಿ ಬಂದ ಮೊದಲ ಪೆಟ್ರೋಲ್ ಸ್ವಿಫ್ಟಿನಲ್ಲೂ ಉಂಟು. ಸಂಪ್, ಮ್ಯಾನಿಫೋಲ್ಡ್, ಸೆನ್ಸರ್ ಇತ್ಯಾದಿ ಬೇರೆ ಬೇರೆ. ಒಳಗಿನ ಎಷ್ಟೋ ಪಾರ್ಟುಗಳು ಮಾತ್ರ ಒಂದರದ್ದು ಇನ್ನೊಂದಕ್ಕೆ ಕೂರುತ್ತವೆ. ಹಳೇ ಎಸ್ಟೀಮಿನೊಳಗೆ ಸ್ವಿಫ್ಟ್ ಅಥವಾ ಜಿಪ್ಸಿಗೆಂದು ಮಾರಿದ ಪಾರ್ಟ್ ಸಿಕ್ಕಿದರೆ ಅದು ಮೋಸ ಅಂತ ಅಲ್ಲ. ಅಂಗಡಿಯಲ್ಲಿ ಆ ದಿನ ಆ ಡಬ್ಬಿ ಇತ್ತು, ಅಷ್ಟೇ.

ಒಟ್ಟು ಇಂಜಿನ್ನೇ ಬೇರೆಯೋ ಎಂಬ ಅನುಮಾನ ಇದ್ದರೆ ಸ್ಟ್ರೋಕ್ ಅಳೆದರೆ ಸಾಕು. ಪಿಸ್ಟನ್ ಪೂರ್ತಿ ಮೇಲೆ ಇರುವಾಗಲೂ ಪೂರ್ತಿ ಕೆಳಗೆ ಇರುವಾಗಲೂ ಬ್ಲಾಕಿನ ಮೇಲ್ಮೈಯಿಂದ ಡೆಪ್ತ್ ಗೇಜ್ ಇಳಿಸಿ ನೋಡಿ. ವ್ಯತ್ಯಾಸ 75.5 ಬಂದರೆ 1.3ರ ಕ್ರ್ಯಾಂಕ್. ಹಳೇ ಝೆನ್‌ನ 993 ಸಿಸಿ ಇಂಜಿನ್ನಿನ ಸ್ಟ್ರೋಕ್ 61, ಬೊಲೆನೊ 1.6ರದ್ದು 90. ಹಾಗಾಗಿ ಇಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ.

ಬೋರಿನ ಸುತ್ತದ ಉಂಗುರ

ಜಿ13 ಬ್ಲಾಕ್ ಎರಕದ ಕಬ್ಬಿಣದ್ದಲ್ಲ, ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಲ್ಯೂಮಿನಿಯಂ ಮೇಲೆ ರಿಂಗ್ ಉಜ್ಜಿದರೆ ಬಾಳಿಕೆ ಬಾರದು, ಅದಕ್ಕೆ ಕಬ್ಬಿಣದ ಲೈನರ್ ಇಟ್ಟೇ ಬ್ಲಾಕ್ ಎರಕ ಹೊಯ್ಯುತ್ತಾರೆ. ಹೆಡ್ ತೆಗೆದಾಗ ಬೆಳ್ಳಿ ಬಣ್ಣದ ಬ್ಲಾಕಿನಲ್ಲಿ ಕಪ್ಪು-ಬೂದು ಉಂಗುರ ಕಾಣುವುದು ಆ ಲೈನರೇ. ಕಬ್ಬಿಣದ ಬ್ಲಾಕಿನ ಡೀಸೆಲ್ ಇಂಜಿನ್‌ಗಳಲ್ಲಿ ಕೈ ಪಳಗಿದವರಿಗೆ ಉಂಗುರ ಕಂಡ ಕೂಡಲೇ ಸ್ಲೀವ್ ನೆನಪಾಗುತ್ತದೆ. ಅಲ್ಲಿ ಅದು ಸರಿಯೇ. ಇಲ್ಲಿ ಅಲ್ಲ.

ನಿಜವಾಗಿ ಆಮೇಲೆ ಸ್ಲೀವ್ ಹಾಕಿದ್ದರೆ ಉಂಗುರದ ಒಳಗೆ ಇನ್ನೊಂದು ಸಪೂರ ಗೆರೆ ಸುತ್ತ ಬಂದಿರುತ್ತದೆ, ಕಬ್ಬಿಣಕ್ಕೆ ಕಬ್ಬಿಣ ಸೇರಿದ ಜಾಗ ಅದು. ಮೇಲ್ಮೈಯನ್ನು ಪೆಟ್ರೋಲಿನಲ್ಲಿ ಒರೆಸಿ, ಟಾರ್ಚನ್ನು ಅಡ್ಡ ಹಿಡಿದು ನೋಡಿ. ಬೋರಿನ ಕೆಳ ತುದಿಯಲ್ಲಿ ಮೆಟ್ಟಿಲಿನ ಹಾಗೆ ಉಗುರಿಗೆ ತಾಗುತ್ತದೆಯೋ ಅದನ್ನೂ ನೋಡಿ. ಎರಡೂ ಇಲ್ಲದಿದ್ದರೆ ಸ್ಲೀವ್ ಹಾಕಿಲ್ಲ.

ಮೆಟಲ್‌ಗಳ ಬಣ್ಣ

ಈ ವಿಷಯದಲ್ಲಿ ಗ್ಯಾರೇಜಿನವರನ್ನು ಪೂರ್ತಿ ದೂರುವಂತಿಲ್ಲ. ಬಣ್ಣ ಬಣ್ಣದ ಮೆಟಲ್ ಕಂಡರೆ ಯಾರಿಗಾದರೂ ಬೇರೆ ಬೇರೆ ಸೆಟ್ಟಿನಿಂದ ಆರಿಸಿ ಹಾಕಿದಂತೆಯೇ ಅನ್ನಿಸುತ್ತದೆ. ಆರಿಸಿ ಹಾಕಿದ್ದೂ ನಿಜವೇ, ಆರಿಸಿದವರು ಕಾರ್ಖಾನೆಯವರು.

ಕ್ರ್ಯಾಂಕಿನ ಮೇನ್ ಜರ್ನಲ್ (ಮೇನ್ ಮೆಟಲ್ ಒಳಗೆ ತಿರುಗುವ ದುಂಡು ಭಾಗ) ಹೆಸರಿಗೆ 45 ಮಿ.ಮೀ. ಕಾರ್ಖಾನೆಯಲ್ಲಿ ಐದೂ ಜರ್ನಲ್ ಕೂದಲೆಳೆಯಷ್ಟೂ ಬದಲಾಗದೆ ಒಂದೇ ಅಳತೆಗೆ ಬರುವುದಿಲ್ಲ. ಅದಕ್ಕೆ ಆರಾರು ಮೈಕ್ರಾನಿನ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಪಾಲು) ಮೂರು ದರ್ಜೆ ಮಾಡಿ 1, 2, 3 ಎಂದು ಕ್ರ್ಯಾಂಕಿನ ವೆಬ್, ಅಂದರೆ ಜರ್ನಲ್ ಮತ್ತು ಪಿನ್ ಸೇರಿಸುವ ತೋಳಿನ, ಮೇಲೆ ಅಚ್ಚು ಹಾಕುತ್ತಾರೆ. 1 ಎಂದರೆ ದಪ್ಪ, 3 ಎಂದರೆ ಸಪೂರ. ಮೆಟಲ್ ಕೂರುವ ಬ್ಲಾಕಿನ ತೂತುಗಳಿಗೂ ಹೀಗೆಯೇ ಎ, ಬಿ, ಸಿ ದರ್ಜೆ ಇದ್ದು, ಅಕ್ಷರಗಳು ಬ್ಲಾಕಿನ ಕೆಳಮುಖದಲ್ಲಿ ಇರುತ್ತವೆ. ಎ ಚಿಕ್ಕದು, ಸಿ ದೊಡ್ಡದು. ಇವೆರಡನ್ನು ಹೊಂದಿಸಲು ಐದು ದಪ್ಪದ ಮೆಟಲ್ ಬರುತ್ತದೆ: ತೀರಾ ತೆಳುವಿನದ್ದು ಹಸಿರು, ಆಮೇಲೆ ಕಪ್ಪು, ಬಣ್ಣ ಇಲ್ಲದ್ದು, ಹಳದಿ, ಎಲ್ಲಕ್ಕಿಂತ ದಪ್ಪ ನೀಲಿ. ಒಂದರಿಂದ ಇನ್ನೊಂದಕ್ಕೆ ಮೂರು ಮೈಕ್ರಾನ್ ವ್ಯತ್ಯಾಸ.

ಲೆಕ್ಕ ಸುಲಭ. ಎ ತೂತಿಗೆ 1ರ ಜರ್ನಲ್ ಬಂದರೆ ಹಸಿರು. ಎ-2 ಅಥವಾ ಬಿ-1 ಆದರೆ ಕಪ್ಪು. ಎ-3, ಬಿ-2, ಸಿ-1 ಈ ಮೂರಕ್ಕೂ ಬಣ್ಣ ಇಲ್ಲದ್ದು. ಬಿ-3 ಅಥವಾ ಸಿ-2ಕ್ಕೆ ಹಳದಿ, ಸಿ-3ಕ್ಕೆ ನೀಲಿ. ಐದು ಅಕ್ಷರ, ಐದು ಅಂಕಿ ಓದಿ ಬರೆದುಕೊಂಡು ನಿಮ್ಮ ಮೆಟಲ್‌ಗಳ ಬಣ್ಣಕ್ಕೆ ತಾಳೆ ನೋಡಿ. ಅಚ್ಚು ಮಸುಕಾಗಿದ್ದರೆ ಮೇಲೆ ಸೀಮೆಸುಣ್ಣ ಉಜ್ಜಿ ಬಟ್ಟೆಯಿಂದ ಹಗುರಾಗಿ ಒರೆಸಿ, ತಗ್ಗಿನಲ್ಲಿ ಬಿಳಿ ಉಳಿದು ಅಂಕಿ ಎದ್ದು ಕಾಣುತ್ತದೆ.

ತಾಳೆ ಬಂತೆಂದರೆ ಮೇನ್ ಜರ್ನಲ್‌ಗಳನ್ನು ಯಾರೂ ಗ್ರೈಂಡ್ ಮಾಡಿಲ್ಲ, ಮೆಟಲ್ ಕೂಡ ಕಾರ್ಖಾನೆಯ ಲೆಕ್ಕಕ್ಕೆ ಸರಿಯಾಗಿಯೇ ಉಂಟು. 2004ರ ಗಾಡಿಯಲ್ಲಿ ಇದು ಸಂತೋಷದ ಸುದ್ದಿ. ಗ್ರೈಂಡ್ ಮಾಡಿಸಿದ ಜರ್ನಲ್ಲಿಗೆ ಬರುವ 0.25 ಅಂಡರ್‌ಸೈಜ್ ಮೂಲ ಮೆಟಲ್‌ಗಳಲ್ಲಿ ಕೆಂಪು ಬಣ್ಣ ಹೆಚ್ಚುವರಿಯಾಗಿ ಇರುತ್ತದೆ. ನಿಮ್ಮ ಪತ್ರದಲ್ಲಿ ಕೆಂಪಿನ ಮಾತಿಲ್ಲ. ತಾಳೆ ಬಾರದಿದ್ದರೆ ಹಿಂದೆ ಬಿಚ್ಚಿದವರು ಮೆಟಲ್‌ಗಳನ್ನು ಅದಲುಬದಲು ಮಾಡಿರಬಹುದು. ಆಗ ಪ್ಲಾಸ್ಟಿಗೇಜ್ (ಚಪ್ಪಟೆಯಾದ ಅಗಲದಿಂದ ಸಂದು ತೋರಿಸುವ ಪ್ಲಾಸ್ಟಿಕ್ ಎಳೆ) ಇಟ್ಟು ಮ್ಯಾನುಯಲ್ ಹೇಳಿದ ಟಾರ್ಕಿಗೆ ಬಿಗಿದು ನೋಡಿ. ಮೇನ್‌ನಲ್ಲಿ ಸಂದು 0.02ರಿಂದ 0.04 ಮಿ.ಮೀ. ಒಳಗಿದ್ದರೆ ಸರಿ, 0.06 ದಾಟಿದರೆ ಬದಲಿಸಿ. ಈ ತಾಳೆ ನೋಡಿ ಮುಗಿಯುವ ತನಕ ಮೆಟಲ್‌ಗಳನ್ನು ಸೀಮೆಎಣ್ಣೆ ಡಬ್ಬಿಗೆ ಒಟ್ಟಿಗೆ ಹಾಕಲು ಬಿಡಬೇಡಿ. ಬಣ್ಣ ಎದ್ದು ಹೋದರೆ ಅಥವಾ ಸ್ಥಾನ ಮರೆತರೆ ಆಮೇಲೆ ಏನೂ ತಿಳಿಯದು. ಮೊಟ್ಟೆ ಟ್ರೇ ಇದಕ್ಕೆ ಒಳ್ಳೆಯದು: ಒಂದೊಂದು ಗುಳಿಗೆ ಒಂದೊಂದು ಮೆಟಲ್, ಪಕ್ಕದಲ್ಲಿ ಮಾರ್ಕರ್‌ನಿಂದ ಸ್ಥಾನದ ನಂಬರ್. ಪಾರ್ಟಿನ ಮೇಲೆ ಪಂಚ್ ಹೊಡೆಯುವುದು ಬೇಡ.

.010 ಎಂಬ ಅಂಕಿ

ಇದು ಇಂಚಿನ ಲೆಕ್ಕ. .010 ಇಂಚು ಅಂದರೆ 0.254 ಮಿ.ಮೀ. ಕೆಲವು ತಯಾರಕರು 0.25 ಎಂದೂ, ಕೆಲವರು 025 ಎಂದೂ, ಕೆಲವರು ಇಂಚಿನಲ್ಲೂ ಅಚ್ಚು ಹಾಕುತ್ತಾರೆ. ಬಳಕೆಯಲ್ಲಿ ಎಲ್ಲವೂ ಒಂದೇ. ಎಸ್‌ಟಿಡಿ (ಸ್ಟ್ಯಾಂಡರ್ಡ್) ಎಂದಿದ್ದರೆ ಗ್ರೈಂಡ್ ಮಾಡದ ಕ್ರ್ಯಾಂಕ್ ಪಿನ್ನಿಗೆ (ಬಿಗ್ ಎಂಡ್ ಕೂರುವ ಭಾಗ). ಅಂದರೆ ನಿಮ್ಮ ಇಂಜಿನ್ನಿನಲ್ಲಿ ಹಿಂದೊಮ್ಮೆ ಬಿಗ್ ಎಂಡ್ ಹಾಳಾಗಿ, ಪಿನ್‌ಗಳನ್ನು ಕಾಲು ಮಿ.ಮೀ. ಗ್ರೈಂಡ್ ಮಾಡಿಸಿದ್ದಾರೆ. ಮೇನ್ ಹಾಗೇ ಉಳಿದು ಬಿಗ್ ಎಂಡ್ ಮಾತ್ರ ಹೋಗಿದ್ದರೆ, ಆಯಿಲ್ ಕಡಿಮೆ ಇರುವಾಗ ಓಡಿಸಿದ ಗಾಡಿ ಎಂದು ಊಹಿಸಬಹುದು. ಆಯಿಲ್ ಮೇನ್‌ಗಳನ್ನು ಹಾಯ್ದೇ ಪಿನ್ನಿಗೆ ಹೋಗಬೇಕು, ಆದ್ದರಿಂದ ಒಣಗುವುದು ಮೊದಲು ಪಿನ್ನೇ.

ಮೈಕ್ರೋಮೀಟರಿನಲ್ಲಿ ಪಿನ್ ನೋಡಿ. ಗ್ರೈಂಡ್ ಮಾಡದ ಪಿನ್ 41.982ರಿಂದ 42.000 ಮಿ.ಮೀ., 0.25 ಅಂಡರ್‌ಸೈಜಿನದ್ದು 41.732ರಿಂದ 41.750. ನಾಲ್ಕು ಪಿನ್, ಪ್ರತಿಯೊಂದರಲ್ಲಿ ಎರಡು ಜಾಗ, ಪ್ರತಿ ಜಾಗದಲ್ಲಿ ಅಡ್ಡ-ಉದ್ದ ಎರಡು ದಿಕ್ಕು, ಒಟ್ಟು 16 ಅಂಕಿ. ಒಂದೇ ಪಿನ್ನಿನ ಅಂಕಿಗಳ ನಡುವೆ 0.01ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಪಿನ್ 41.70 ತೋರಿಸಿದರೆ ಅದಕ್ಕೆ .010 ಮೆಟಲ್ ಸಡಿಲ. ಅಂಥ ಇಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಆಯಿಲ್ ಲೈಟ್ ಮಿಣುಕಿಸುತ್ತದೆ. ಪಿನ್ ಮತ್ತು ವೆಬ್ ಸೇರುವ ಮೂಲೆಯನ್ನು ಬೆರಳಿನಿಂದ ಸವರಿ ನೋಡಿ, ದುಂಡಗೆ ಜಾರಬೇಕು. ಚೂಪಾಗಿ ಕತ್ತರಿಸಿದಂತೆ ಇದ್ದರೆ ಗ್ರೈಂಡಿಂಗ್ ಮಾಡಿದವರು ಅವಸರ ಮಾಡಿದ್ದಾರೆ. ಕ್ರ್ಯಾಂಕ್ ಮುರಿಯುವುದು ಆ ಮೂಲೆಯಿಂದಲೇ.

ಕನೆಕ್ಟಿಂಗ್ ರಾಡಿನ ಕ್ಯಾಪ್‌ಗಳ ಬಗ್ಗೆ ಎರಡೇ ಮಾತು. ರಾಡ್ ಮತ್ತು ಕ್ಯಾಪ್ ಜೊತೆಯಾಗಿ ಬೋರ್ ಆಗಿರುತ್ತವೆ, ಒಂದರ ಕ್ಯಾಪ್ ಇನ್ನೊಂದಕ್ಕೆ ಸಲ್ಲದು. ಎರಡರ ಮೇಲಿನ ಗುರುತು ಒಂದೇ ಬದಿಗೆ ಸೇರಬೇಕು.

0.50 ಪಿಸ್ಟನ್ ಮತ್ತು ರ‍್ಯಾಲಿ ಕತೆ

ಹಳೇ ಎಸ್ಟೀಮ್, ಜಿಪ್ಸಿ ಅಂದ ಕೂಡಲೇ ರ‍್ಯಾಲಿ ಕತೆ ಕಟ್ಟುವ ಚಾಳಿ ನಮ್ಮ ಕಡೆ ಉಂಟು. ಅರ್ಧ ಮಿ.ಮೀ. ರೀಬೋರ್ ಮಾಡಿದರೆ, ಅಂದರೆ ಬೋರನ್ನು ಕೊರೆದು ಅಷ್ಟು ಅಗಲ ಮಾಡಿದರೆ, ಎಷ್ಟು ಸಿಸಿ ಹೆಚ್ಚುತ್ತದೆ? 74ರ ಬದಲು 74.5 ಎಂದು ಲೆಕ್ಕ ಹಾಕಿದರೆ 1316. ಒಟ್ಟು 18 ಸಿಸಿ. ಇಷ್ಟಕ್ಕೆ ಯಾರೂ ರೇಸಿಗೆ ಹೋಗುವುದಿಲ್ಲ. ಸವೆದ ಬೋರನ್ನು ನೇರ ಮಾಡಿಸಿದ ರಿಪೇರಿ ಇದು. ಕಂಪನಿಯ ಓವರ್‌ಸೈಜ್ ಎರಡೇ: 0.25 ಮತ್ತು 0.50. ಇಲ್ಲಿಂದ ಮುಂದೆ ಇನ್ನೊಂದು ರೀಬೋರಿಗೆ ಅವಕಾಶ ಇಲ್ಲ ಎಂಬುದಷ್ಟೇ ನಿಮಗೆ ಮುಖ್ಯ.

ನಿಜವಾಗಿ ರೇಸಿಗೆ ತಯಾರು ಮಾಡಿದ ಇಂಜಿನ್ನಾದರೆ ಗುರುತುಗಳು ಬೇರೆಯೇ. ಪಿಸ್ಟನ್ ಮಗುಚಿ ಒಳಭಾಗ ನೋಡಿ: ಎರಕದ ಗೆರೆಗಳು, ತಯಾರಕರ ಹೆಸರು ಎದ್ದು ಕಾಣುತ್ತಿದ್ದರೆ ಮಾಮೂಲು ಎರಕದ ಪಿಸ್ಟನ್. ಫೋರ್ಜ್ ಮಾಡಿದ್ದರ (ಎರಕ ಹೊಯ್ಯದೆ ಒತ್ತಿ ರೂಪಿಸಿದ್ದರ) ಒಳಮೈ ನುಣುಪಾಗಿದ್ದು ಮಷಿನ್ ಮಾಡಿದ ಗೆರೆ ಕಾಣುತ್ತದೆ. ಹೆಡ್‌ನ ಪೋರ್ಟ್ ಒಳಗೆ ಎರಕದ ತರಿ ಹೋಗಿ ನಯವಾಗಿದೆಯೇ? ವಾಲ್ವ್ ಸ್ಪ್ರಿಂಗ್ ಒಳಗೆ ಇನ್ನೊಂದು ಸ್ಪ್ರಿಂಗ್ ಇದೆಯೇ? ಫ್ಲೈವೀಲಿನ ಹಿಂಬದಿಯನ್ನು ಲೇತಿನಲ್ಲಿ ತೆಗೆದು ಹಗುರ ಮಾಡಿದ್ದಾರೆಯೇ? ಇವ್ಯಾವುದೂ ಇಲ್ಲದಿದ್ದರೆ ರ‍್ಯಾಲಿ ಮಾತು ಬಿಡಿ, ಮಾರಾಯ್ರೆ.

ಪಿಸ್ಟನ್ ಅಳೆಯುವಾಗ ಪಿಸ್ಟನ್ ಪಿನ್ನಿಗೆ (ರಾಡಿಗೆ ಸೇರಿಸುವ ಪಿನ್ನಿಗೆ) ಅಡ್ಡ ದಿಕ್ಕಿನಲ್ಲಿ, ಸ್ಕರ್ಟಿನ (ಪಿಸ್ಟನ್ನಿನ ಕೆಳಭಾಗದ) ಕೆಳ ಅಂಚಿನಿಂದ ಸುಮಾರು 15 ಮಿ.ಮೀ. ಮೇಲೆ ಹಿಡಿಯಬೇಕು. ಬೋರನ್ನು ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ನೋಡಿದರೆ ನಾಲ್ಕು ಸಿಲಿಂಡರಿಗೆ 24 ಅಂಕಿ. ಬೋರ್ ಮತ್ತು ಪಿಸ್ಟನ್ ನಡುವಿನ ಸಂದು ಹೊಸತರಲ್ಲಿ 0.02ರಿಂದ 0.04 ಮಿ.ಮೀ. ಇರಬೇಕು. ಬೋರಿನ ಓವಾಲಿಟಿ (ದುಂಡು ತಪ್ಪಿದ್ದು) ಅಥವಾ ಟೇಪರ್ (ಮೇಲೆ-ಕೆಳಗಿನ ವ್ಯತ್ಯಾಸ) 0.10 ಮಿ.ಮೀ. ಮುಟ್ಟಿದರೆ ಅದು ಮುಗಿದ ಬೋರ್. ಬಿಸಿಲಿನಲ್ಲಿ ಒಣಗಲು ಇಟ್ಟ ಪಿಸ್ಟನ್ನನ್ನು ಹಾಗೇ ತಂದು ಅಳೆಯಬೇಡಿ. 15 ಡಿಗ್ರಿ ಹೆಚ್ಚು ಬಿಸಿ ಇದ್ದರೂ 74 ಮಿ.ಮೀ. ಅಲ್ಯೂಮಿನಿಯಂ 0.02ರಷ್ಟು ಹಿಗ್ಗುತ್ತದೆ, ಅಂದರೆ ಇರಬೇಕಾದ ಸಂದಿನಷ್ಟೇ ತಪ್ಪು ಅಲ್ಲಿಗೇ ಬಂತು. ಪಾರ್ಟುಗಳನ್ನೂ ಮೈಕ್ರೋಮೀಟರನ್ನೂ ಒಂದೆರಡು ಗಂಟೆ ನೆರಳಿನಲ್ಲಿ ಒಟ್ಟಿಗೆ ಇಟ್ಟು ಅಳೆಯಿರಿ.

ಹಾಗಾದರೆ ಹೊಗೆ ಎಲ್ಲಿಂದ?

ಬೆಳಗಿನ ಮೊದಲ ಸ್ಟಾರ್ಟಿಗೆ ಬರುವ ನೀಲಿ ಹೊಗೆ ಸಾಮಾನ್ಯವಾಗಿ ವಾಲ್ವ್ ಸೀಲಿನದ್ದು. ರಾತ್ರಿ ಇಡೀ ಆಯಿಲ್ ವಾಲ್ವ್ ಕಾಂಡ ಹಿಡಿದು ಇಳಿದಿರುತ್ತದೆ. ಏರಿನಲ್ಲಿ ಲೋಡ್ ಬಿದ್ದಾಗ ಬರುವುದು ಹೆಚ್ಚಾಗಿ ರಿಂಗ್-ಬೋರಿನ ಕಡೆಯಿಂದ. ನಿಮ್ಮಲ್ಲಿ ಎರಡೂ ಇರುವಂತಿದೆ.

ಈಗಿರುವ ಮೇಲಿನ ರಿಂಗನ್ನು ಬಿಚ್ಚಿ ಬೋರಿನೊಳಗೆ ಇಟ್ಟು, ಪಿಸ್ಟನ್ ತಲೆಯಿಂದ ನೇರಕ್ಕೆ ತಳ್ಳಿ, ಬಾಯಿಯ ಸಂದನ್ನು ಫೀಲರ್ ಗೇಜಿನಲ್ಲಿ ನೋಡಿ. 0.7 ಮಿ.ಮೀ. ದಾಟಿದರೆ ಸವೆದಿದೆ. 1.7-1.9ರ ಹತ್ತಿರ ಬಂದರೆ ಅದು ಸವೆತವೇ ಅಲ್ಲ: 0.50 ಪಿಸ್ಟನ್ನಿಗೆ ಎಸ್‌ಟಿಡಿ ರಿಂಗ್ ಹಾಕಿಬಿಟ್ಟಿದ್ದಾರೆ. ವ್ಯಾಸ ಅರ್ಧ ಮಿ.ಮೀ. ಹೆಚ್ಚಿದರೆ ಸುತ್ತಳತೆ 1.57 ಮಿ.ಮೀ. ಹೆಚ್ಚುತ್ತದೆ, ಆ ಕೊರತೆ ಪೂರ್ತಿ ರಿಂಗಿನ ಬಾಯಿಯಲ್ಲೇ ಕಾಣಿಸುತ್ತದೆ. ಒಳ್ಳೆಯ ಬೋರ್, ಒಳ್ಳೆಯ ಪಿಸ್ಟನ್ ಇದ್ದೂ ಹೊಗೆ ಉಗುಳುವ ರಿಪೇರಿ ಇಂಜಿನ್‌ನಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ರಿಂಗ್ ಮೇಲಿನ ಅಕ್ಷರದ ಅಚ್ಚು ಮೇಲ್ಮುಖವಾಗಿತ್ತೇ, ಆಯಿಲ್ ರಿಂಗ್ ಕಾರ್ಬನ್ ಹಿಡಿದು ತೋಡಿನಲ್ಲಿ ಸಿಕ್ಕಿಕೊಂಡಿದೆಯೇ ಎಂಬುದನ್ನೂ ಬಿಚ್ಚುವ ಹೊತ್ತಿನಲ್ಲೇ ಗಮನಿಸಿ. ತೊಳೆದ ಮೇಲೆ ಈ ಸಾಕ್ಷಿ ಉಳಿಯುವುದಿಲ್ಲ.

ತಗ್ಗಿದ ಮೂರನೇ ಪಿಸ್ಟನ್

ಇದನ್ನು ನೀವು ಕೊನೆಗೆ ಬರೆದಿರಿ, ನಾನಾದರೆ ಮೊದಲು ನೋಡುತ್ತಿದ್ದೆ. ಮಂಗಳೂರಿನಲ್ಲಿ ಓಡಿದ ಗಾಡಿ ಎಂದಿದ್ದೀರಿ. ಜೋರು ಮಳೆಗೆ ಕೊಟ್ಟಾರ ಚೌಕಿ, ಪಂಪ್‌ವೆಲ್ ಕಡೆ ರಸ್ತೆಯಲ್ಲಿ ನೀರು ನಿಲ್ಲುವುದು ಹೊಸತಲ್ಲ. ಏರ್ ಫಿಲ್ಟರ್ ಮೂಲಕ ಒಂದು ಲೋಟ ನೀರು ಸಿಲಿಂಡರಿಗೆ ಹೋದರೂ ಸಾಕು, ನೀರು ಗಾಳಿಯ ಹಾಗೆ ಕುಗ್ಗದು, ಮೇಲೆ ಬರುವ ಪಿಸ್ಟನ್ ತಡೆದು ರಾಡ್ ಬಾಗುತ್ತದೆ. ಆಮೇಲೆ ಪ್ಲಗ್ ತೆಗೆದು ನೀರು ಹೊರಹಾಕಿ ಸ್ಟಾರ್ಟ್ ಮಾಡಿದರೆ ಇಂಜಿನ್ ಓಡುತ್ತದೆ! ಬಾಗಿದ ರಾಡ್ ಚೂರು ಗಿಡ್ಡ ಆಗಿರುತ್ತದೆ, ಹಾಗಾಗಿ ಪಿಸ್ಟನ್ ತಗ್ಗಿನಲ್ಲೇ ನಿಲ್ಲುತ್ತದೆ, ಓರೆಯಾಗಿ ಬೋರಿಗೆ ಉಜ್ಜುತ್ತದೆ, ಆ ಸಿಲಿಂಡರ್ ಆಯಿಲ್ ಎಳೆಯುತ್ತದೆ.

ಬೋರಿನ ಮೇಲ್ತುದಿಯ ಕಾರ್ಬನ್ ಪಟ್ಟಿ ನೋಡಿ. ಮೂರನೆಯದರಲ್ಲಿ ಅದು ಉಳಿದವಕ್ಕಿಂತ ಅಗಲವಾಗಿದ್ದರೆ ಅಥವಾ ಎರಡು ಗೆರೆ ಕಂಡರೆ ಅನುಮಾನ ಗಟ್ಟಿ. ಪಿಸ್ಟನ್ ಸ್ಕರ್ಟಿನ ಉಜ್ಜಿದ ಗುರುತು ನೇರ ಇರದೆ ಮೂಲೆಯಿಂದ ಮೂಲೆಗೆ ಇದ್ದರೆ ಇನ್ನೂ ಗಟ್ಟಿ. ಕ್ರ್ಯಾಂಕ್ ಇನ್ನೂ ಬ್ಲಾಕಿನಲ್ಲಿದ್ದರೆ ನಾಲ್ಕೂ ಪಿಸ್ಟನ್‌ಗಳ ತಗ್ಗನ್ನು ಡೆಪ್ತ್ ಗೇಜಿನಲ್ಲಿ ಅಳೆಯಿರಿ. ಅಳೆಯುವಾಗ ಪಿಸ್ಟನ್ ಪಿನ್ನಿನ ನೇರಕ್ಕೆ ಹಿಡಿಯಿರಿ, ಅಡ್ಡಕ್ಕೆ ಹಿಡಿದರೆ ಪಿಸ್ಟನ್ ವಾಲಿ ಸುಳ್ಳು ಅಂಕಿ ಕೊಡುತ್ತದೆ. ಮೂರು ಸರಿ ಇದ್ದು ಒಂದು ಮಾತ್ರ 0.2-0.3 ಮಿ.ಮೀ. ತಗ್ಗಿದ್ದರೆ ಎರಡೇ ಸಾಧ್ಯತೆ: ರಾಡ್ ಬಾಗಿದೆ, ಇಲ್ಲವೇ ಆ ಪಿಸ್ಟನ್ ಬೇರೆ ಸೆಟ್ಟಿನದ್ದು. ಪಿನ್ನಿನ ನಡುವಿನಿಂದ ಪಿಸ್ಟನ್ ತಲೆಯವರೆಗಿನ ಎತ್ತರವನ್ನು ಪಕ್ಕದ್ದಕ್ಕೆ ಹೋಲಿಸಿದರೆ ಯಾವುದೆಂದು ಗೊತ್ತಾಗುತ್ತದೆ. ಪೂರ್ತಿ ಬಿಚ್ಚಿ ಆಗಿದ್ದರೆ ರಾಡ್ ಅಲೈನರ್ ಇರುವ ರೀಬೋರಿಂಗ್ ವರ್ಕ್‌ಶಾಪಿಗೆ ನಾಲ್ಕನ್ನೂ ಕೊಡಿ. 100 ಮಿ.ಮೀ. ಉದ್ದಕ್ಕೆ 0.05 ಬಾಗು, 0.10 ತಿರುಚು, ಇದಕ್ಕಿಂತ ಹೆಚ್ಚಿಗೆ ಮಾಫಿ ಇಲ್ಲ. ಬಾಗಿದ ರಾಡನ್ನು ಪ್ರೆಸ್ಸಿನಲ್ಲಿ ನೇರ ಮಾಡಿ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಒಮ್ಮೆ ಬಾಗಿ ಮತ್ತೆ ನೇರವಾದ ಉಕ್ಕು ಹೈವೇಯಲ್ಲಿ ಮುರಿದರೆ ಬ್ಲಾಕಿನ ಬದಿ ಒಡೆದು ಹೊರಬರುತ್ತದೆ. ಬದಲಿ ರಾಡ್ ತರುವಾಗ ತೂಕ ನೋಡಿ, ಉಳಿದವುಗಳಿಗಿಂತ ನಾಲ್ಕೈದು ಗ್ರಾಮಿಗಿಂತ ಹೆಚ್ಚು ಫರಕು ಬೇಡ.

ಚುಕ್ಕೆಯ ಕ್ಯಾಮ್‌ಶಾಫ್ಟ್

ನಂಬರ್ ಇಲ್ಲದ ಕ್ಯಾಮ್ ಮೂರರಲ್ಲಿ ಒಂದು: ಕಂಪನಿಯದ್ದೇ ಆಗಿದ್ದು ಗುರುತು ಅಳಿಸಿದ್ದು, ಹೊರಗಿನವರು ತಯಾರಿಸಿದ ಬದಲಿ, ಅಥವಾ ಲೋಬ್‌ಗಳನ್ನು (ವಾಲ್ವ್ ತೆರೆಸುವ ಉಬ್ಬುಗಳನ್ನು) ಮತ್ತೆ ಗ್ರೈಂಡ್ ಮಾಡಿದ್ದು. ಪಂಚ್ ಚುಕ್ಕೆ ಗ್ರೈಂಡಿಂಗಿನವರ ಗುರುತಾಗಿರಬಹುದು, ಯಾರೋ ಟೈಮಿಂಗ್ ಗುರುತಿಗೆ ಹೊಡೆದದ್ದೂ ಆಗಿರಬಹುದು. ಚುಕ್ಕೆಯಿಂದ ಏನೂ ಸಾಬೀತಾಗುವುದಿಲ್ಲ.

ಲೋಬಿನ ಮೂಗಿನಿಂದ ಹಿಮ್ಮಡಿಯವರೆಗಿನ ಪೂರ್ತಿ ಎತ್ತರ ಒಂದು ಅಳತೆ. ಹಿಮ್ಮಡಿಯ ದುಂಡು ಭಾಗದ ಅಡ್ಡಳತೆ ಇನ್ನೊಂದು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಲೋಬಿನ ಲಿಫ್ಟ್. ಉದಾಹರಣೆಗೆ 37.10 ಮತ್ತು 30.90 ಬಂದರೆ ಲಿಫ್ಟ್ 6.20. ಎಲ್ಲ ಇನ್‌ಟೇಕ್ ಲೋಬ್‌ಗಳೂ ತಮ್ಮೊಳಗೆ ಒಂದೇ ಬರಬೇಕು, ಎಕ್ಸಾಸ್ಟಿನವೂ ಹಾಗೆಯೇ. ಗುರುತಿರುವ ಮೂಲ ಕ್ಯಾಮ್ ಒಂದನ್ನು ಸ್ಪೇರ್ ಅಂಗಡಿಯಲ್ಲೋ ಇನ್ನೊಂದು ಗಾಡಿಯಲ್ಲೋ ಅಳೆದು ಹೋಲಿಸಿ, ಅಥವಾ ಸರ್ವಿಸ್ ಮ್ಯಾನುಯಲಿನ ಲೋಬ್ ಎತ್ತರಕ್ಕೆ ಹೋಲಿಸಿ. ಎರಡೂ ಅಂಕಿ ಮೂಲದ್ದಕ್ಕೆ ಸರಿಹೊಂದಿದರೆ ಚಿಂತೆ ಬಿಡಿ. ಎತ್ತರ ಮಾತ್ರ ಕಡಿಮೆ ಇದ್ದರೆ ಸವೆದಿದೆ. ಹಿಮ್ಮಡಿ ಚಿಕ್ಕದಾಗಿ ಲಿಫ್ಟ್ ಅಷ್ಟೇ ಇದ್ದರೆ ಸವೆದದ್ದನ್ನು ಗ್ರೈಂಡ್ ಮಾಡಿ ಸರಿಪಡಿಸಿದ್ದಾರೆ. ಹಿಮ್ಮಡಿ ಚಿಕ್ಕದಾಗಿ ಲಿಫ್ಟೂ ಹೆಚ್ಚಿದ್ದರೆ ಆಗ ನಿಮ್ಮ ಮೆಕ್ಯಾನಿಕ್ ಹೇಳಿದ ರ‍್ಯಾಲಿ ಮಾತಿಗೆ ಒಂದಿಷ್ಟು ಆಧಾರ ಸಿಕ್ಕಿತು. ಹಿಮ್ಮಡಿ ಚಿಕ್ಕದಾದ ಕ್ಯಾಮಿನಲ್ಲಿ ವಾಲ್ವ್ ಸಂದು ಹೊಂದಿಸುವ ಟ್ಯಾಪೆಟ್ ಸ್ಕ್ರೂಗಳು ಮಾಮೂಲಿಗಿಂತ ಹೆಚ್ಚು ಕೆಳಗೆ ಇಳಿದಿರುತ್ತವೆ. ಬಿಚ್ಚುವ ಮೊದಲು ತೆಗೆದ ಫೋಟೊ ಇದ್ದರೆ ಅದರಲ್ಲೇ ಕಾಣುತ್ತದೆ.

ಹೆಚ್ಚು ಲಿಫ್ಟಿನ ಕ್ಯಾಮನ್ನೇ ಉಳಿಸಿಕೊಳ್ಳುವುದಾದರೆ ವಾಲ್ವ್ ಪಿಸ್ಟನ್ನಿಗೆ ತಾಗದೆಂದು ಖಚಿತ ಮಾಡಿಕೊಳ್ಳಲೇಬೇಕು. ಪಿಸ್ಟನ್ ತಲೆ ಮೇಲೆ ಮಕ್ಕಳು ಆಡುವ ಮೇಣದ ಮಣ್ಣು ಇಟ್ಟು, ಹಳೇ ಗ್ಯಾಸ್ಕೆಟ್ಟಿನೊಂದಿಗೆ ಹೆಡ್ ಬಿಗಿದು, ಬೆಲ್ಟ್ ಹಾಕಿ, ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ. ಹೆಡ್ ತೆಗೆದು ಮಣ್ಣನ್ನು ಕತ್ತರಿಸಿ ತೆಳು ಜಾಗದ ದಪ್ಪ ಅಳೆಯಿರಿ. ಇನ್‌ಟೇಕಿಗೆ 2 ಮಿ.ಮೀ., ಎಕ್ಸಾಸ್ಟಿಗೆ 2.5 ಮಿ.ಮೀ. ಉಳಿದಿರಬೇಕು. ಹೆಡ್ಡನ್ನು ಎಷ್ಟು ಸಲ ಫೇಸಿಂಗ್ (ತಳ ಉಜ್ಜಿ ಮಟ್ಟ ಮಾಡುವುದು) ಮಾಡಿಸಿದ್ದಾರೋ ಗೊತ್ತಿಲ್ಲದ ಇಂಜಿನ್‌ಗೆ ಇದು ಇನ್ನೂ ಮುಖ್ಯ. ನನ್ನ ಸಲಹೆ ಕೇಳಿದರೆ, ಉಡುಪಿ-ಮಣಿಪಾಲ ಓಡಾಟದ ಗಾಡಿಗೆ ಅಂಥ ಕ್ಯಾಮ್ ಬೇಡ. ಐಡಲ್ ನಿಲ್ಲುವುದಿಲ್ಲ, ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಇಲ್ಲ, ಹೊಗೆ ಪರೀಕ್ಷೆಯಲ್ಲೂ ತಾಪತ್ರಯ. ಮೂಲ ಕ್ಯಾಮ್ ಮತ್ತು ಅದರ ಜೊತೆಗೇ ಓಡಿದ ರಾಕರ್‌ಗಳನ್ನು (ಲೋಬಿನ ಒತ್ತನ್ನು ವಾಲ್ವಿಗೆ ದಾಟಿಸುವ ತೋಳುಗಳನ್ನು) ಒಟ್ಟಿಗೆ ತನ್ನಿ. ಒಂದರ ರಾಕರ್ ಇನ್ನೊಂದು ಕ್ಯಾಮಿಗೆ ಕೂರಿಸಿದರೆ ಎರಡೂ ಬೇಗ ಸವೆಯುತ್ತವೆ.

ಹೆಡ್, ವಾಲ್ವ್‌ಗಳ ಬಗ್ಗೆ ನೀವು ಏನೂ ಬರೆದಿಲ್ಲ. ಹೆಡ್‌ನ ಬಾಗು 0.05 ಮಿ.ಮೀ. ಒಳಗಿರಬೇಕು. ನೀರಿನ ತೂತುಗಳ ಸುತ್ತ ತಿಂದುಹೋಗಿದೆಯೇ ನೋಡಿ. ಕಡಲ ಹತ್ತಿರದ ಉಪ್ಪಾದ ಬಾವಿ ನೀರನ್ನೇ ರೇಡಿಯೇಟರಿಗೆ ಹೊಯ್ದ ಗಾಡಿಗಳಲ್ಲಿ ಅಲ್ಯೂಮಿನಿಯಂ ಅಲ್ಲಿಂದಲೇ ಕೊರೆಯುತ್ತದೆ. ವಾಲ್ವ್ ಸೀಲ್ ಹೇಗೂ ಹೊಸತು ಹಾಕಿ.

ಈಗ ನಿಮ್ಮ ಮುಂದಿರುವ ದಾರಿಗಳು

ಬೋರ್ ಅಳತೆಯ ಮಿತಿಯೊಳಗಿದ್ದು, ತೊಂದರೆ ಬಾಗಿದ ರಾಡ್ ಮತ್ತು ರಿಂಗ್‌ಗಳಿಂದಷ್ಟೇ ಆಗಿದ್ದರೆ ಒಂದು ರಾಡ್, 0.50 ರಿಂಗ್ ಸೆಟ್, ಬೋರಿಗೆ ಹೋನಿಂಗ್ (ಒಳಮೈ ಉಜ್ಜಿ ಹದ ಮಾಡುವುದು), ವಾಲ್ವ್ ಸೀಲ್, ಗ್ಯಾಸ್ಕೆಟ್ ಸೆಟ್, ಹೊಸ ಟೈಮಿಂಗ್ ಬೆಲ್ಟ್. ಇಷ್ಟೇ ಕೆಲಸ. ಎಲ್ಲಕ್ಕಿಂತ ಅಗ್ಗದ ದಾರಿ. ಇದರ ಅಪಾಯ: ಬಾಗಿದ ರಾಡಿನಿಂದ ಮೂರನೇ ಬೋರ್ ಮಾತ್ರ ಓವಲ್ ಆಗಿದ್ದರೆ ಹೊಸ ರಿಂಗ್ ಅಲ್ಲಿ ಕೂರುವುದಿಲ್ಲ, ವರ್ಷದೊಳಗೆ ಮತ್ತೆ ಅದೇ ಹೊಗೆ. ಅದಕ್ಕೇ 24 ಅಂಕಿ ಬರೆಸಿಕೊಳ್ಳಿ ಎಂದದ್ದು.

ಬೋರ್ ಮುಗಿದಿದ್ದರೆ ಆಗ ಸ್ಲೀವ್ ಹಾಕಿ ಎಸ್‌ಟಿಡಿ ಪಿಸ್ಟನ್ನಿಗೆ ಬರಬಹುದು. ಅಲ್ಯೂಮಿನಿಯಂ ಬ್ಲಾಕಿನಲ್ಲಿ ಇದು ಸೂಕ್ಷ್ಮ ಕೆಲಸ: ಲೈನರನ್ನು ಹೆಚ್ಚು ಕೊರೆದರೆ ಗೋಡೆ ಉಳಿಯದು, ಸ್ಲೀವ್ ಬಿಗಿ ಸಾಲದಿದ್ದರೆ ಶಾಖ ದಾಟದೆ ಪಿಸ್ಟನ್ ಹಿಡಿಯುತ್ತದೆ. ಮಂಗಳೂರಿನ ಬೈಕಂಪಾಡಿ, ಯೆಯ್ಯಾಡಿಯ ಕೈಗಾರಿಕಾ ಪ್ರದೇಶದ ಕಡೆ ವಿಚಾರಿಸುವಾಗ ಅಲ್ಯೂಮಿನಿಯಂ ಬ್ಲಾಕಿಗೆ ಸ್ಲೀವ್ ಹಾಕಿ ಅನುಭವ ಉಂಟೇ ಎಂದು ನೇರ ಕೇಳಿ. "0.75, 1.00 ಪಿಸ್ಟನ್ ಸಿಗುತ್ತದೆ, ಇನ್ನೂ ಕೊರೆಯುವ" ಎಂದವರ ಮಾತಿಗೆ ಹೋಗಬೇಡಿ.

ಮೂರನೆಯದು ಮೆಕ್ಯಾನಿಕ್ ಹೇಳಿದ ದಾರಿ, ಚೆನ್ನೈನ ಪುದುಪೇಟೆಯಿಂದಲೋ ಬೆಂಗಳೂರಿನ ಶಿವಾಜಿನಗರದಿಂದಲೋ ಹಳೇ ಇಂಜಿನ್. ಬೇಗ ಮುಗಿಯುವ ಕೆಲಸ, ಮೆಕ್ಯಾನಿಕರಿಗೆ ಸುಲಭ. ಆದರೆ ಅದರೊಳಗೆ ಏನಿದೆ ಎಂದು ತಿಳಿಯಲು ಅದನ್ನೂ ಬಿಚ್ಚಬೇಕು! ಹೆಚ್ಚಿನ ತೊಂದರೆ ಕಾಗದದ್ದು. ಇಂಜಿನ್ ನಂಬರ್ ಇರುವುದು ಬ್ಲಾಕಿನ ಮೇಲೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವಂಥ ಮಾರ್ಪಾಡನ್ನು ಮನಸ್ಸಿಗೆ ಬಂದಂತೆ ಮಾಡುವಂತಿಲ್ಲ. ಅನುಮತಿಯೊಂದಿಗೆ ಬದಲಿಸಿದರೂ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ದಾಖಲಿಸಬೇಕು. 15 ವರ್ಷ ದಾಟಿದ ಗಾಡಿಯಾದ್ದರಿಂದ ಮುಂದಿನ ನವೀಕರಣಕ್ಕೆ ಗಾಡಿ ತೋರಿಸುವಾಗ ನಂಬರ್ ನೋಡಿಯೇ ನೋಡುತ್ತಾರೆ. ಇನ್ಶೂರೆನ್ಸ್ ಕ್ಲೇಮಿಗೂ ಅದೇ ನಂಬರ್. ಮೂಲ ಮಾಲಕರ ಕಾಗದ, ಬಿಲ್ ಇಲ್ಲದ ಬ್ಲಾಕ್ ಕಳವಿನದ್ದೂ ಆಗಿರಬಹುದು. ತರುವುದಿದ್ದರೆ ಕ್ರ್ಯಾಂಕ್, ರಾಡ್, ಹೆಡ್, ಕ್ಯಾಮ್ ಹೀಗೆ ಬಿಡಿಬಿಡಿಯಾಗಿ ತನ್ನಿ. ಅವಕ್ಕೆ ಆರ್‌ಸಿಯ ಗೊಡವೆ ಇಲ್ಲ.

ನಿಮ್ಮ ಬ್ಲಾಕಿನ ನಂಬರ್ ಆರ್‌ಸಿಗೆ ಸರಿ ಇದೆ ಅಂದಿರಿ, ಅದೇ ಈ ಇಂಜಿನ್ನಿನ ದೊಡ್ಡ ಆಸ್ತಿ. ನಂಬರಿನ ಮೇಲೆ ಕಡಲ ಗಾಳಿಗೆ ಬಿಳಿ ಪುಡಿ ಕಟ್ಟಿದ್ದರೆ ಸೀಮೆಎಣ್ಣೆ ಮತ್ತು ನೈಲಾನ್ ಬ್ರಷ್ಷಿನಲ್ಲಿ ಒರೆಸಿ. ಎಮರಿ ಕಾಗದ, ಗ್ರೈಂಡರ್ ತಾಗಿಸಬೇಡಿ. ತಿದ್ದಿದಂತೆ ಕಂಡರೆ ಆಮೇಲೆ ಯಾರೂ ನಿಮ್ಮ ಮಾತು ನಂಬುವುದಿಲ್ಲ.

ಅಳತೆಗಳನ್ನು ಬಾಯಿಮಾತಿನಲ್ಲಿ "ಎಲ್ಲ ಓಕೆ ಉಂಟು" ಎಂದು ಕೇಳಿಸಿಕೊಂಡು ಬರಬೇಡಿ, ಕಾಗದದಲ್ಲಿ ಬರೆಸಿಕೊಳ್ಳಿ. ಕ್ರ್ಯಾಂಕನ್ನು ತೊಳೆದ ಕೂಡಲೇ ಆಯಿಲ್ ಸವರಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ, ನಮ್ಮ ಮಳೆಗಾಲದ ಗಾಳಿಗೆ ಒಂದೇ ರಾತ್ರಿ ಸಾಕು ಜರ್ನಲ್ ಕಂದು ಹಿಡಿಯಲು. ಜೋಡಿಸಿದ ಮೇಲೆ ಆಯಿಲ್ ಸ್ವಿಚ್ ಜಾಗಕ್ಕೆ ಪ್ರೆಶರ್ ಗೇಜ್ ಹಾಕಿಸಿ ನೋಡಿ, ಬಿಸಿ ಇಂಜಿನ್ 4,000 ಆರ್‌ಪಿಎಂನಲ್ಲಿ ಚದರ ಸೆಂ.ಮೀ.ಗೆ ಸುಮಾರು 3ರಿಂದ 4 ಕೆ.ಜಿ. ತೋರಿಸಬೇಕು. ಹೊಸ ರಿಂಗ್ ಕೂರುವ ತನಕ ಮೊದಲ 1,000 ಕಿ.ಮೀ. ಒಂದೇ ಸ್ಪೀಡಿನಲ್ಲಿ ಹೈವೇ ಓಡಿಸುವುದು ಬೇಡ, ಐಡಲ್‌ನಲ್ಲಿ ಬಹಳ ಹೊತ್ತು ನಿಲ್ಲಿಸುವುದೂ ಬೇಡ. ಆಯಿಲ್ ಮತ್ತು ಫಿಲ್ಟರನ್ನು 500 ಕಿ.ಮೀ.ಗೆ ಒಮ್ಮೆ, 1,000ಕ್ಕೆ ಇನ್ನೊಮ್ಮೆ ಬದಲಿಸಿ. ಮೊದಲ ಸಲ ಇಳಿಸಿದ ಆಯಿಲಿನಲ್ಲಿ ಒಂದು ಅಯಸ್ಕಾಂತ ಆಡಿಸಿ ನೋಡಿ: ಬೂದು ಬಣ್ಣದ ನಯ ಹಿಟ್ಟು ಹಿಡಿದರೆ ರಿಂಗ್ ಕೂರುತ್ತಿರುವ ಸವೆತ, ಸಹಜ. ಕೈಗೆ ಚುಚ್ಚುವ ಚೂರು ಸಿಕ್ಕಿದರೆ ಗಾಡಿ ಅಲ್ಲೇ ನಿಲ್ಲಿಸಿ ಸಂಪ್ ಬಿಚ್ಚಿಸಿ.